ತಣ್ಣಗಿದ್ದ ಇಸ್ತ್ರಿಪೆಟ್ಟಿಗೆ ಹೊಡೆದದ್ದೇಕೆ?

ಇಸ್ತ್ರಿಯಣ್ಣನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವ ಮೊದಲು ಮಣೆ ಹತ್ತಬೇಕು. ಅದು ಆ ಮನೆಯ ಕಟ್ಟಳೆ. ಬೀದಿಗೆ ತೆರೆದ ಮುಂದಿನ ಕೋಣೆ, ಉದ್ದನೆಯ ಮೇಜು, ಮೇಜಿನ ಬುಡದಲ್ಲಿ ಮರದ ಮಣೆ. ಮಣೆಯ ಮೇಲೆ ನಿಂತರೆ ಪೆಟ್ಟಿಗೆ ಸುಮ್ಮನಿರುತ್ತಿತ್ತು. ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ನಿಂತು ಮುಟ್ಟಿದರೆ ಬೆರಳ ತುದಿಗೆ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಅಪ್ಪನ ಕಾಲದ ವೈರಿಂಗು. ಗೋಡೆಯ ಸಾಕೆಟ್ಟುಗಳಿಗೆಲ್ಲ ಎರಡೇ ತೂತು, ಒಳಗೆ ಎರಡೇ ತಂತಿ.

"ಹಳೇ ಪೆಟ್ಟಿಗೆ, ಸ್ವಲ್ಪ ಮುಂಗೋಪ," ಎಂದು ಇಸ್ತ್ರಿಯಣ್ಣ ನಗುತ್ತಿದ್ದ.

ಒಂದು ದಿನ ಮಗಳು ಫೋನು ಮಾಡಿದಳು. ಮುಂದಿನ ವಾರ ಬಂದು ಒಂದು ತಿಂಗಳು ಇರುತ್ತಾಳಂತೆ. ಮಗುವಿಗೆ ಹತ್ತು ತಿಂಗಳು, ಕೆಳಗೆ ಬಿಟ್ಟರೆ ಬಾಣದ ಹಾಗೆ ಹೋಗುತ್ತದಂತೆ.

ಹೆಂಡತಿ ಫೋನು ಇಟ್ಟು, ಮಣೆಯನ್ನೇ ನೋಡುತ್ತಾ ನಿಂತಳು. "ರೀ, ನಮಗೇನೋ ರೂಢಿ ಆಗಿದೆ. ಅಂಬೆಗಾಲಿಡೋ ಕೂಸಿಗೆ 'ಮಣೆ ಹತ್ತಮ್ಮ' ಅಂತ ಯಾರು ಹೇಳ್ತಾರೆ?"

ಇಸ್ತ್ರಿಯಣ್ಣನ ನಗು ಅಲ್ಲಿಗೆ ನಿಂತಿತು.

ಅವನು ನಾಲ್ಕು ಜನರನ್ನು ಕೇಳಿದ. ನಾಲ್ಕು ದಾರಿ ಹೇಳಿದರು. ಎದುರಿನ ಕ್ಷೌರದಂಗಡಿಯವನು, "ರಬ್ಬರ್ ಚಪ್ಪಲಿ ಹಾಕ್ಕೊಳಪ್ಪ, ಮುಗೀತು," ಎಂದ. ಪಕ್ಕದ ಮನೆಯ ಟೈಲರಮ್ಮ, "ಒಂದು ತಂತಿ ತಗೊಂಡು ನಲ್ಲಿ ಪೈಪಿಗೆ ಸುತ್ತಿಬಿಡಿ," ಎಂದಳು. ಮತ್ತೊಬ್ಬರು ಪೆಟ್ಟಿಗೆಯನ್ನೇ ಎಸೆಯಲು ಹೇಳಿದರು. ಕೊನೆಗೆ ಬಂದವನು ಹೆಂಡತಿಯ ತಮ್ಮ. ರೇಡಿಯೋ ರಿಪೇರಿ ಮಾಡುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ಎಲ್ಲಬಲ್ಲ.

ಎಲ್ಲಬಲ್ಲ ಗೋಡೆಯ ಹಳೆಯ ಸಾಕೆಟ್ಟು ಕಿತ್ತು ಮೂರು ತೂತಿನದು ಹಾಕಿದ, ಪೆಟ್ಟಿಗೆಗೂ ಮೂರು ತಂತಿಯ ವೈರು, ಮೂರು ಕಡ್ಡಿಯ ಪ್ಲಗ್ಗು ಹಾಕಿದ. ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯಿಂದ, ಭೂಮಿಗೆ ಸೇರಬೇಕಾದ ಅರ್ಥ್ ತೂತಿಗೆ ಗೇಣುದ್ದದ ತುಂಡು ತಂತಿ ಕಟ್ಟಿದ.

"ನ್ಯೂಟ್ರಲ್ಲೂ ಕೊನೆಗೆ ಭೂಮಿಗೇ ಸೇರೋದು ಭಾವ. ಎರಡನ್ನೂ ಇಲ್ಲೇ ಕಟ್ಟಿದ್ರೆ ಗೋಡೆ ಒಡೆಯೋ ಕೆಲಸ ಉಳೀತು."

ಹೌದಲ್ಲ! ಪೆಟ್ಟಿಗೆ ಜುಮ್ಮೆನ್ನುವುದನ್ನು ಬಿಟ್ಟಿತು. ಮಣೆ ಹಿತ್ತಲು ಸೇರಿತು.

ಮೂರನೆಯ ದಿನ ಮಧ್ಯಾಹ್ನ ಇಸ್ತ್ರಿಯಣ್ಣ ಅಂಗಿಗಳಿಗೆ ನೀರು ಚಿಮುಕಿಸಿ ಪೆಟ್ಟಿಗೆಯ ಸ್ವಿಚ್ಚು ಹಾಕಿದ. ಎಷ್ಟು ಹೊತ್ತಾದರೂ ಅದು ಕಾಯಲಿಲ್ಲ. ಕೋಣೆಯ ದೀಪವೂ ಉರಿಯಲಿಲ್ಲ. "ಕರೆಂಟು ಹೋಯ್ತು," ಎಂದುಕೊಂಡು, ಪೆಟ್ಟಿಗೆಯನ್ನು ಪಕ್ಕಕ್ಕಿಡಲು ಒದ್ದೆ ಕೈ ಹಾಕಿದ. ಕೈ ಅಂಟಿಕೊಂಡಿತು. ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಹಿಡಿದೆಳೆಯಲು ಓಡಿಬಂದ ಹೆಂಡತಿ ಅವನ ಮುಖ ಕಂಡು ಅರ್ಧದಲ್ಲೇ ತಿರುಗಿ ಮೈನ್ ಸ್ವಿಚ್ಚು ಕೆಳಗೆಳೆದಳು. ಅವನು ಬಟ್ಟೆಯ ಗಂಟಿನ ಮೇಲೆ ಕುಸಿದ.

ಉಸಿರು ತಿರುಗಿದ ಮೇಲೆ ಅವನು ಮೊದಲು ಕೇಳಿದ್ದು ಇದು: "ಪೆಟ್ಟಿಗೆ ತಣ್ಣಗಿತ್ತು ಕಣೇ. ಕರೆಂಟೇ ಇರ್ಲಿಲ್ಲ. ಮತ್ತೆ ಹೊಡೆದದ್ದು ಏನು?"

"ಕರೆಂಟು ಎಲ್ಲಿ ಹೋಗಿತ್ತು? ಒಳಗೆ ಫ್ಯಾನು ತಿರುಗ್ತಾನೇ ಇತ್ತಲ್ಲ!"

ಅವನ ತಲೆ ಗೊಂದಲದ ಗೂಡಾಯಿತು. ಇದ್ದರೆ ಕಾಯಬೇಕು, ಇಲ್ಲದಿದ್ದರೆ ಹೊಡೆಯಬಾರದು. ಕಾಯದೆ ಹೊಡೆಯುವ ಇದು ಯಾವ ಸೀಮೆಯ ಕರೆಂಟು? ಮಗಳು ಬರುವುದಕ್ಕೆ ಎರಡೇ ದಿನ ಉಳಿದಿತ್ತು.

ಹೆಂಡತಿ ಅವನನ್ನು ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ವೈರಿಂಗ್ ಅಕ್ಕನನ್ನು ಕರೆಸಿದಳು. ಅವಳು ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್. ಮಾತು ಕಡಿಮೆ, ಚೀಲದಲ್ಲಿ ಮೀಟರು. ಎಲ್ಲರನ್ನೂ ದೂರ ನಿಲ್ಲಿಸಿ ಮೈನ್ ಹಾಕಿ, ಸಾಕೆಟ್ಟಿನ ಒಂದು ತೂತಿಗೆ ಟೆಸ್ಟರ್ ಇಟ್ಟಳು, ಬೆಳಗಿತು. ಇನ್ನೊಂದಕ್ಕೆ ಇಟ್ಟಳು, ಅದೂ ಬೆಳಗಿತು. ಪ್ಲಗ್ಗು ಸಿಕ್ಕಿಸಿ ಪೆಟ್ಟಿಗೆಯ ಮೈಗೆ ಇಟ್ಟರೆ ಅಲ್ಲಿಯೂ ಬೆಳಕು.

"ಎರಡೂ ಕಡೆ ದೀಪ! ಡಬಲ್ ಕರೆಂಟು ಬಂದಿದೆಯಾ ಅಕ್ಕ?" ಎಂದ ಇಸ್ತ್ರಿಯಣ್ಣ.

"ಡಬಲ್ಲೂ ಇಲ್ಲ ತ್ರಿಬಲ್ಲೂ ಇಲ್ಲ ಅಣ್ಣ. ಬಂದ ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಇಲ್ಲ. ಈ ಕೋಣೆಗೆ ಬರೋ ನ್ಯೂಟ್ರಲ್ ತಂತಿ ಮೇಲೆ ಎಲ್ಲೋ ಸಡಿಲ ಆಗಿ ಬಿಟ್ಟಿದೆ. ಒಳಗಿನ ಫ್ಯಾನಿನ ತಂತಿ ಬೇರೆ, ಅದಕ್ಕೇ ಅದು ತಿರುಗ್ತಿತ್ತು."

ಮೈನ್ ಆರಿಸಿ ಸಾಕೆಟ್ಟು ಬಿಚ್ಚಿದಳು. ತುಂಡು ತಂತಿಯನ್ನು ಬೆರಳಲ್ಲಿ ತೋರಿಸಿದಳು. "ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?"

ಸುದ್ದಿ ಕೇಳಿ ಬಂದಿದ್ದ ಎಲ್ಲಬಲ್ಲ ಎದೆ ಸೆಟೆಸಿದ. "ನಾನೇ. ಮೂರು ತೂತು ಕೊಟ್ಟಿದೀನಲ್ಲ, ಇನ್ನೇನು ಬೇಕು?"

"ತೂತು ಕೊರೆದ ಮಾತ್ರಕ್ಕೆ ಬಿದಿರು ಕೊಳಲಾಗುತ್ತೇನಪ್ಪ?" ವೈರಿಂಗ್ ಅಕ್ಕ ನಕ್ಕಳು; ತಕ್ಷಣ ನಗು ಬಿಟ್ಟಳು. "ನಿಮ್ಮ ಬಚ್ಚಲ ನೀರು ಒಂದು ಕೊಳವೇಲಿ ಹೋಗುತ್ತೆ ಅಂತಿಟ್ಕೊಳಿ. ಅಡುಗೆಮನೆ ಕೊಳವೇನೂ ಅದಕ್ಕೇ ಸೇರಿಸಿದೀರಿ. ಮುಂದೆ ಅದು ಕಟ್ಟಿಕೊಂಡ್ರೆ ಬಚ್ಚಲ ನೀರು ಎಲ್ಲಿ ಏಳುತ್ತೆ?"

"ಅಡುಗೆಮನೇಲಿ," ಎಂದಳು ಹೆಂಡತಿ.

"ಹಾಗೇ ಇದು. ನ್ಯೂಟ್ರಲ್ಲು ದಿನಾ ಕರೆಂಟು ವಾಪಸ್ ಹೋಗೋ ದಾರಿ. ಅರ್ಥ್ ಅನ್ನೋದು ಖಾಲಿ ಇರಬೇಕಾದ ದಾರಿ. ಕರೆಂಟು ಸೋರಿದಾಗ ಮಾತ್ರ ಅದನ್ನ ಹೊತ್ತೊಯ್ಯೋಕೆ. ಎರಡನ್ನೂ ಸಾಕೆಟ್ಟಲ್ಲಿ ಕಟ್ಟಿದ್ರಿ. ನ್ಯೂಟ್ರಲ್ ಬಿಟ್ಟ ಕೂಡ್ಲೆ ಕರೆಂಟೆಲ್ಲ ಈ ತುಂಡು ತಂತೀಲಿ ಪೆಟ್ಟಿಗೆ ಮೈಗೆ ಬಂತು. ಮೊದಲು ಸೋರಿದ್ದಷ್ಟೇ ಬರ್ತಿತ್ತು, ಈಗ ಪೂರ್ತಿ."

"ಮತ್ತೆ ಟೈಲರಮ್ಮ ಹೇಳಿದ ಹಾಗೆ ನಲ್ಲಿಗೆ ಕಟ್ಟಿದ್ರೆ?" ಇಸ್ತ್ರಿಯಣ್ಣ ಕೇಳಿದ.

"ಪೈಪಿನ ಆ ತುದೀಲಿ ಸ್ನಾನ ಮಾಡ್ತಿರೋರು ಯಾರು ಅಂತ ಗೊತ್ತಾ? ಅವರಿಗೆ ಹೊಡೆಯುತ್ತೆ. ಪೈಪು ನಡುವೆ ಪ್ಲಾಸ್ಟಿಕ್ ಇದ್ರೆ ಅದು ಭೂಮಿಗೂ ಸೇರಲ್ಲ."

ಎಲ್ಲಬಲ್ಲನ ಎದೆ ಇಳಿದಿತ್ತು. ಸಣ್ಣ ದನಿಯಲ್ಲಿ ಹೇಳಿದ: "ಅಕ್ಕಾ... ನಮ್ಮನೇಲೂ ಹೀಗೇ ಕಟ್ಟಿದೀನಿ. ಬಚ್ಚಲ ಗೀಸರಿಗೆ."

"ಹಾಗಾದ್ರೆ ಇಲ್ಲೇನು ನೋಡ್ತಾ ನಿಂತಿದೀರಿ? ಫೋನ್ ಮಾಡಿ, ಮೈನ್ ಆರಿಸೋಕೆ ಹೇಳಿ!"

ಅವನು ಫೋನು ಹಿಡಿದು ಬೀದಿಗೆ ಓಡಿದ.

ಇಸ್ತ್ರಿಯಣ್ಣ ತಲೆ ಕೆರೆದುಕೊಂಡ. "ನನಗೆ ಅರ್ಧ ಅರ್ಥ ಆಯ್ತು, ಅರ್ಧ ಆಗ್ಲಿಲ್ಲ ಅಕ್ಕ."

"ಪರವಾಗಿಲ್ಲ ಬಿಡಿ. ಅರ್ಥ ಆಗದ ಕಡೆ ಕೈ ಹಾಕಬಾರದು ಅನ್ನೋದು ಅರ್ಥ ಆಯ್ತಲ್ಲ, ಅಷ್ಟು ಸಾಕು."

ಎರಡು ದಿನ ಮನೆ ತುಂಬ ಧೂಳು. ಹಿತ್ತಲಲ್ಲಿ ಗುಂಡಿ ತೆಗೆದು ಲೋಹದ ಸರಳನ್ನು ಆಳಕ್ಕೆ ಇಳಿಸಿದರು. ಅಲ್ಲಿಂದ ಹಸಿರು ತಂತಿ ಮೈನ್ ಬೋರ್ಡಿಗೆ, ಬೋರ್ಡಿನಿಂದ ಒಂದೊಂದು ಸಾಕೆಟ್ಟಿಗೂ ಹೊಸದಾಗಿ ಬಂತು. ಬಿಟ್ಟಿದ್ದ ನ್ಯೂಟ್ರಲ್ ಬಿಗಿಯಾಯಿತು. ಪೆಟ್ಟಿಗೆಯೊಳಗೆ ಕರೆಂಟು ಸೋರುತ್ತಿದ್ದ ಕಾಯುವ ಸುರುಳಿ ಬದಲಾಯಿತು. ಮೈನ್ ಪಕ್ಕದಲ್ಲಿ, ಕರೆಂಟು ಸೋರಿದರೆ ತಾನಾಗಿ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೂತಿತು. ವೈರಿಂಗ್ ಅಕ್ಕ ಎಲ್ಲವನ್ನೂ ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಚೀಲ ಎತ್ತಿಕೊಂಡಳು. "ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳಬೇಕು. ಬೀಳದಿದ್ರೆ ನನಗೆ ಹೇಳಿ."

ಮಗಳು ಬಂದಳು. ಮಗು ಕೆಳಗಿಳಿದದ್ದೇ ತಡ, ನೇರವಾಗಿ ಫ್ರಿಜ್ಜಿನ ಬಳಿಗೆ ಹೋಯಿತು. ಅದರ ತಗಡಿನ ಬಾಗಿಲಿಗೆ ಎರಡೂ ಅಂಗೈ ಒತ್ತಿ, ಮೊಣಕಾಲೂರಿ, ತೂಗಾಡುತ್ತಾ ಎದ್ದು ನಿಂತಿತು. ಇಸ್ತ್ರಿಯಣ್ಣ ಕೈಲಿದ್ದ ಅಂಗಿ ಬಿಟ್ಟು ಎರಡು ಹೆಜ್ಜೆ ಓಡಿದ. ಮಗು ಬಾಗಿಲನ್ನು ಪಟಪಟನೆ ಬಡಿದು, ತಾತನ ಕಡೆ ತಿರುಗಿ ಕೇಕೆ ಹಾಕಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ನೋಡಿ. ಎರಡೇ ತೂತಿದ್ದರೆ ಅಲ್ಲಿ ಅರ್ಥ್ ಇರಲಾರದು. ಮೂರು ತೂತಿದ್ದರೂ ಒಳಗೆ ತಂತಿ ಇದೆಯೆಂದು ನಂಬಬೇಡಿ, ಬಲ್ಲವರಿಂದ ಅಳೆಸಿ. ಜುಮ್ಮೆನ್ನುವ ವಸ್ತುವಿಗೆ ಒಗ್ಗಿಕೊಳ್ಳಬೇಡಿ, ಅದನ್ನು ಬಳಸುವುದನ್ನು ಇವತ್ತೇ ನಿಲ್ಲಿಸಿ. ಪ್ಲಗ್ಗಿನ ಮೂರನೆಯ ಕಡ್ಡಿ ಮುರಿಯಬೇಡಿ. ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೂ ನಲ್ಲಿಗೂ ಕಟ್ಟಬೇಡಿ. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟದೆ ಮೊದಲು ಮೈನ್ ಆರಿಸಿ. ಗೊಂದಲವಾದರೆ ನಾಚಿಕೆ ಬೇಡ, ಲೈಸೆನ್ಸು ಇದ್ದವರನ್ನು ಕರೆಯಿರಿ. ನಿಮ್ಮ ಮನೆಯ ಕೂಸು ಗೋಡೆ ಹಿಡಿದು ಏಳುವ ಮೊದಲೇ ಕರೆಯಿರಿ.