ಉಡಿ ಒಲ್ಲದ ಸುಂದರವ್ವ

ಯಾರ ಮನೆಗೇ ಹೋಗಲಿ, ಹೊರಡುವಾಗ ಮನೆಯಾಕೆ ಅಕ್ಕಿ, ಕೊಬ್ಬರಿ, ರವಿಕೆಯ ಖಣವಿಟ್ಟ ತಾಟು ಹಿಡಿದು ಉಡಿ ತುಂಬಲು ಬಂದಳೆಂದರೆ ಸುಂದರವ್ವ ಸೆರಗಿನ ತುದಿಯನ್ನು ಎರಡು ಸುತ್ತು ಮುಷ್ಟಿಗೆ ಸುತ್ತಿ, ಬಿಗಿಹಿಡಿದು ನಿಂತುಬಿಡುತ್ತಿದ್ದಳು. ಗಂಡನುಳ್ಳ ಮುತ್ತೈದೆ, ಹಣೆ ತುಂಬ ಕುಂಕುಮ. ಉಡಿ ಮಾತ್ರ ಒಲ್ಲಳು. ಬನಹಟ್ಟಿಯ ನಮ್ಮ ಓಣಿ ಇದನ್ನು ಸೊಕ್ಕು ಎಂದಿತು. ಓಣಿಗೇನು, ಅನ್ನಲು ಬಾಯಿದ್ದರಾಯಿತು. ಹಾಗೆ ಅಂದವರಲ್ಲಿ ಶಾಲೆಯ ಮಾಸ್ತರನಾದ ನಾನೂ ಒಬ್ಬ.

ಮುಧೋಳಕ್ಕೆ ಕೊಟ್ಟಿದ್ದ ಆಕೆಯ ತಂಗಿ ಮುತ್ತವ್ವ, ಗಂಡನ ಹೊಡೆತ ತಾಳದೆ ಮೂರು ಸಲ ಅಕ್ಕನ ಮನೆಗೆ ಓಡಿಬಂದಿದ್ದಳು. ಮೂರು ಸಲವೂ ಓಣಿಯ ಹಿರಿಯರು ನಾವು ಕೂತು ಬುದ್ಧಿ ಹೇಳಿದೆವು. ಮೂರು ಸಲವೂ ಸುಂದರವ್ವ ಕೈಯಾರೆ ಉಡಿ ತುಂಬಿ, “ತಾಳಿದಾಕಿ ಬಾಳ್ಯಾಳು, ಹೋಗವಾ” ಎಂದು ಬಸ್ಸು ಹತ್ತಿಸಿದಳು. ತೊಂಬತ್ತೆಂಟರಲ್ಲಿ ‘ಸ್ಟೋವ್ ಸಿಡಿಯಿತು’ ಎಂದು ಆಕೆಯ ಸಾವಿನ ಸುದ್ದಿ ಬಂತು. ಹಿಂದೆ ಬಂದ ಟ್ರಂಕಿನಲ್ಲಿ ಉಡಿಯ ಮೂರು ಖಣಗಳು ಹೊಲಿಸದೆ, ಮಡಿಕೆ ಬಿಚ್ಚದೆ ಹಾಗೆಯೇ ಇದ್ದವು.

ಅಂದಿನಿಂದ ಪೆಟ್ಟು ತಿಂದು ಬಂದವರಿಗೆ ಆಕೆಯ ಬಾಗಿಲು ತೆರೆಯಿತು. ಫಲಕವಿಲ್ಲ, ಸಂಘವಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಒಳಗೆ ಗಂಡನ ಪವರ್‌ಲೂಮಿನ ಖಟಪಟ, ಪಡಸಾಲೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟಿ. ಬಂದವಳನ್ನು ಏನಾಯಿತೆಂದು ಕೇಳುತ್ತಿರಲಿಲ್ಲ. ಉಣ್ಣಿಸಿ, ಕಣ್ತುಂಬ ಮಲಗಿಸಿ, ಆಮೇಲೆ ರಾಟಿಯ ಮುಂದೆ ಕೂರಿಸುವಳು. ಎಳೆ ಹರಿಯುವುದು, ನಡುಗುವ ಬೆರಳಿಗೆ ಗಂಟು ಕೂಡದು. “ಹರೀಲಿ ಬಿಡ, ನೂಲೇನ ಬೈತೈತೇನು?” ಅನ್ನುವಳು. ಅಳುವವರಿಗೆ ಮಗ್ಗದ ಸದ್ದೇ ಮರೆ. ಕೆಲವರು ತಿಂಗಳಿಗೆ ಬಾಯಿಬಿಟ್ಟರು. ಒಬ್ಬಾಕೆ ಎಂಟು ತಿಂಗಳು ಕಂಡಿಕೆ ಸುತ್ತಿ, ಒಂದು ಮಾತೂ ಆಡದೆ ಹೋದಳು.

ಇನ್ನೊಂದು ರೂಢಿಯಿತ್ತು. ಹಲಗೆಯ ಮೇಲಿನ ಡಬ್ಬಿ ತೆಗೆಯುವ ಮೊದಲು, “ಕೈ ಎತ್ತತೇನವಾ, ಬೆಲ್ಲ ತಗೊಳ್ಳಾಕ” ಎಂದು ಹೇಳಿಯೇ ಕೈ ಎತ್ತುವಳು. ಮೇಲೆದ್ದ ಕೈ ಕಂಡರೆ ಅಲ್ಲಿದ್ದವರು ತಲೆ ಮುಚ್ಚಿಕೊಳ್ಳುತ್ತಿದ್ದರು. ರೂಢಿ ಎಷ್ಟು ಬಲಿತಿತ್ತೆಂದರೆ, ನಾನೊಬ್ಬನೇ ಕೂತಾಗಲೂ ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಆ ನಗೆ ನೆನೆದರೆ ಈಗ ಮೈ ಉರಿಯುತ್ತದೆ.

ಎರಡು ಸಾವಿರದ ಆರರಲ್ಲಿ ಆ ಪಡಸಾಲೆಗೆ ಬಂದವಳು ನನ್ನ ಅಣ್ಣನ ಮಗಳು ಕಾವೇರಿ. ಬೀಳಗಿಯ ಪಗಾರದ ಹುಡುಗ, ಕುಡಿತವಿಲ್ಲ, ಅಡಿಕೆಯಿಲ್ಲ ಎಂದು ನಾನೇ ನೋಡಿ ಮಾಡಿದ ಸಂಬಂಧ. ಎಡಗೈ ಮುರಿಸಿಕೊಂಡು ಬಂದ ಹುಡುಗಿ ನನ್ನ ಮನೆ ದಾಟಿ ಸುಂದರವ್ವನ ಮನೆಗೆ ಹೋದಳು. ಆ ಮುರಿದ ಕೈಗಿಂತ ನನ್ನ ಮಾನವೇ ನನಗೆ ಹೆಚ್ಚು ನೋಯಿತು, ಥೂ!

ಮೂರು ತಿಂಗಳ ಮೇಲೆ ಹೆಂಡತಿಯ ಕೈಗೆ ಉಡಿಯ ತಾಟು ಕೊಟ್ಟು ಕರೆದುಕೊಂಡು ಹೋದೆ. ಓಣಿಯ ತುದಿಗೆ ಅಳಿಯ ಜೀಪು ನಿಲ್ಲಿಸಿಕೊಂಡಿದ್ದ.

“ನೀ ಹೇಳಿದ್ರ ಹೋಗತಾಳ, ಸುಂದರವ್ವಾ. ಅಂವ ತಪ್ಪಾತು ಅಂದಾನ.”

“ಮೂರು ಉಡಿ ತುಂಬಿದಾಕಿ ನಾನ್ರಿ, ಮಾಸ್ತರ. ನನ್ನ ಕೇಳಬ್ಯಾಡ್ರಿ. ಆಕಿನ್ನ ಕೇಳ್ರಿ.”

ಹುಡುಗಿಯನ್ನು ಕೇಳುವುದು ನಮ್ಮ ಮನೆತನದಲ್ಲಿ ಇರಲಿಲ್ಲ. ಹೆಂಡತಿ ನೇರವಾಗಿ ಬೊಗಸೆಯಲ್ಲಿ ಅಕ್ಕಿ ಎತ್ತಿದಳು. ಕಾವೇರಿ ರಾಟಿ ಬಿಟ್ಟೆದ್ದು, ಮೂಳೆ ಕೂಡಿಯೂ ಸೊಟ್ಟಗೇ ಉಳಿದ ಆ ಕೈಗೆ ಸೆರಗು ಸುತ್ತಿ ಬಿಗಿಹಿಡಿದಳು. ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು.

“ಒಲ್ಲೆ, ಕಾಕಾ. ಕಳಸಾಕ ಎಲ್ಲಾರೂ ಬರತೀರಿ. ‘ಇರು’ ಅನ್ನಾಕ ಒಬ್ಬರೂ ಬರಲಿಲ್ಲ.”

ಸುಂದರವ್ವನಿಗೆ ‘ಮನಿಮುರಕಿ’ ಎಂಬ ಹೆಸರು ಅಂದೇ ಬಿತ್ತು, ಇಟ್ಟವನು ನಾನು. ಒಂದೊಂದಾಗಿ ಅಂಗಡಿಗಳು ಆ ಮನೆಗೆ ನೂಲು ಕೊಡುವುದನ್ನು ನಿಲ್ಲಿಸಿದವು. ಮಗ್ಗ ಮಾರಿ ಹೋಯಿತು. ಬಾಗಿಲು ಮಾತ್ರ ಮುಚ್ಚಲಿಲ್ಲ.

ನಾಲ್ಕು ವರ್ಷಕ್ಕೆ ಆಕೆ ತೀರಿದಾಗ, ಮುತ್ತೈದೆ ಸಾವೆಂದು ಅದೇ ಓಣಿಯ ಹೆಂಗಸರು ತಾಟು ಹಿಡಿದು ಉಡಿ ತುಂಬಲು ಸಾಲುಗಟ್ಟಿದರು. ಜಮಖಂಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕಾವೇರಿ ಬಂದವಳೇ ಆ ತಣ್ಣಗಿನ ಮುಷ್ಟಿಗೆ ಸೆರಗನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಬೆರಳು ನಡುಗಲಿಲ್ಲ.

ಇಂಥ ಹೆಣ್ಣುಗಳಿಗೆ ಬದುಕಿದ್ದಾಗ ಊರು ನೂಲು ಕೊಡುವುದಿಲ್ಲ, ಸತ್ತಾಗ ಅಕ್ಕಿ ತರುತ್ತದೆ. ಅವರನ್ನು ದೇವರು ಕಳಿಸುತ್ತಾನೆಂಬುದೂ ಸುಳ್ಳು. ನಮ್ಮಂಥ ಹಿರಿಯರ ಬುದ್ಧಿಮಾತೇ ಅವರನ್ನು ಮಾಡುತ್ತದೆ. ಮುತ್ತವ್ವನಿಗೆ ನಾವು ಒಂದೇ ಒಂದು ಸಲ ‘ಇರು’ ಅಂದಿದ್ದರೆ, ಸುಂದರವ್ವ ಎಲ್ಲರಂತೆ ಉಡಿ ತುಂಬಿಸಿಕೊಂಡು, ನಗುತ್ತ ಮನೆಗೆ ಹೋಗುತ್ತಿದ್ದಳು.