ಬಾಗಿಲಿನಾಚೆ ಇದ್ದ ಡಿಸ್ಕ್

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಸೌಂದರ್ಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಎರಡು ಸರ್ವರ್‌ಗಳು ಜೋಡಿಯಾಗಿದ್ದವು. ಒಂದು ನಿಂತರೆ ಇನ್ನೊಂದು ಕೆಲಸ ಮುಂದುವರಿಸಬೇಕು. ಗಿರಣಿಗೆ ರಜೆಯಿದ್ದ ಭಾನುವಾರ ಎರಡಕ್ಕೂ ಪ್ಯಾಚ್, ಅಂದರೆ ತಂತ್ರಾಂಶದ ಹೊಸ ತಿದ್ದುಪಡಿ, ಹಾಕುವುದೆಂದು ಮೊದಲೇ ಗೊತ್ತಾಗಿತ್ತು.

ಸರ್ವರ್ ಕೋಣೆಯೊಳಗೆ ಒಬ್ಬಳೇ ಕೂತು ಮೊದಲನೆಯದಕ್ಕೆ ಪ್ಯಾಚ್ ಹಾಕಿ, ಎರಡನೆಯದನ್ನು ನಿಲ್ಲಿಸಿದಳು. ಮೊದಲನೆಯದು ಕೆಲಸ ಕೈಗೆತ್ತಿಕೊಳ್ಳಲಿಲ್ಲ. ಎರಡನೆಯದೂ ಮತ್ತೆ ಶುರುವಾಗಲಿಲ್ಲ. ಹಳೆಯ ಸ್ಥಿತಿಗೆ ತರೋಣವೆಂದರೆ ಬ್ಯಾಕಪ್ ಡಿಸ್ಕ್ ಹೊರಗೆ ಅವಳ ಮೇಜಿನ ಮೇಲಿತ್ತು. ಎದ್ದು ಹೋಗಿ ಬಾಗಿಲಿಗೆ ಕಾರ್ಡ್ ಹಿಡಿದಳು. ತೆರೆಯಲಿಲ್ಲ. ಯಾರ ಕಾರ್ಡಿಗೆ ತೆರೆಯಬೇಕೆಂದು ಬಾಗಿಲಿಗೆ ಹೇಳುವುದೂ ಅದೇ ಡೇಟಾಬೇಸ್ ಎಂಬುದು ಆಗ ಹೊಳೆಯಿತು. ಬಾಗಿಲು ತೆರೆಯಲು ಒಳಗಿದ್ದ ತುರ್ತು ಗುಂಡಿ ಕೆಟ್ಟು ಎಷ್ಟೋ ಕಾಲವಾಗಿತ್ತು.

ಮ್ಯಾನೇಜರ್ ಅಮರೇಶ್‌ಗೆ ಫೋನ್ ಮಾಡಿದಳು.

"ಬಾಗಿಲಿನ ಕೀಲಿ ನನ್ನ ಹತ್ರಾನೇ ಐತೆ. ಮೊಳಕಾಲ್ಮುರಿನಾಗೆ ನೆಂಟರ ಮದುವೆಗೆ ಬಂದೀನಿ. ಊಟ ಮುಗಿಸ್ಕೊಂಡು ಬರ್ತೀನಿ. ಬಾಗಿಲಿಗೆ ಮಾತ್ರ ಏನೂ ಮಾಡಬ್ಯಾಡ, ದುಬಾರಿದು."

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿಯ ಮೇಲೆ ಸರ್ವರ್‌ಗಳೂ ಬಾಗಿಲಿನ ಬೀಗವೂ ನಡೆಯುತ್ತಿದ್ದವು, ಎಸಿ ನಿಂತಿತು. ಕಿಟಕಿಯಿಲ್ಲದ ಕೋಣೆ. ಸರ್ವರ್‌ಗಳು ಉಗುಳುವ ಬಿಸಿಗೆ ಕುಪ್ಪಸ ಬೆನ್ನಿಗಂಟಿತು. ನೆಲಕ್ಕೆ ಕೂತು, ಬಾಗಿಲ ಕೆಳಗಿನ ಸಂದಿಗೆ ಮುಖ ಒಡ್ಡಿದಳು. ಅಳು ಬಂತು, ನುಂಗಿಕೊಂಡು ಬಾಗಿಲು ಬಡಿದಳು.

ಕಾವಲುಗಾರ ಪಾಲಾಕ್ಷ ಓಡಿ ಬಂದ. "ಏನಾತವ್ವಾ, ಬಾಗಿಲು ತೆಗೀತಿಲ್ವಾ? ಹಾರೆ ತಂದು ಮೀಟ್ಲಾ?"

"ಬ್ಯಾಡ ಅಂದಾರೆ ಸಾಹೇಬ್ರು."

"ಸಾಹೇಬ್ರು ಅಲ್ಲಿ ಉಣ್ತಾ ಕುಂತಾರೆ. ಒಳಗಿರೋರು ನೀವು."

ಕೆಲಸ ಹೋದೀತೆಂದು ಅವಳಿಗೆ ಹೆದರಿಕೆ. ಇನ್ನೊಮ್ಮೆ ಫೋನ್ ಮಾಡಿದಳು. ಅಮರೇಶ್ ಎತ್ತಲಿಲ್ಲ. ಕಣ್ಣಿಗೆ ಕತ್ತಲೆ ಬಂದಂತಾಯಿತು.

"ತರ್ರಿ ಅಣ್ಣಾ," ಎಂದಳು.

ಚೌಕಟ್ಟು ಬಾಗಿ ಬಾಗಿಲು ಕಿತ್ತು ಬಂತು. ಪಾಲಾಕ್ಷ ಕೊಟ್ಟ ನೀರನ್ನು ಅರ್ಧ ಕುಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡಳು. "ಮನೆಗೆ ಹೋಗ್ರಿ, ಸಾಕು," ಎಂದ ಅವನು. ಹೋಗಬೇಕೆಂದೇ ಅನಿಸಿತು. ಆದರೆ ಬೆಳಗ್ಗೆ ಶೇಂಗಾ ಲಾರಿಗಳು ಬಂದರೆ ಡೇಟಾಬೇಸ್ ಇಲ್ಲದೆ ತೂಕ ಮಾಡಲೂ ಆಗುವುದಿಲ್ಲ. ಮತ್ತೆ ಒಳಗೆ ಹೋಗಲು ಕಾಲು ಏಳಲಿಲ್ಲ. ಪಾಲಾಕ್ಷನ ಕೈಯಿಂದ ಉದ್ದದ ಕೇಬಲ್ ಎಳೆಸಿ, ಹೊರಗೆ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಡಿಸ್ಕಿನಿಂದ ಎರಡೂ ಸರ್ವರ್‌ಗಳನ್ನು ಹಳೆಯ ಸ್ಥಿತಿಗೆ ತಂದಳು.

ಸಂಜೆ ಬಂದ ಅಮರೇಶ್ ಮೊದಲು ನೋಡಿದ್ದು ಬಾಗಿಲನ್ನು. "ಯಾರು ಮುರೀರಿ ಅಂದಿದ್ದು?"

"ನಾನೇ ಸಾರ್."

ಅವನು ಬಾಗಿದ ಕಬ್ಬಿಣವನ್ನು ಸವರಿದ. "ಇರಲಿ. ಮುಂದಿನ ಭಾನುವಾರ ಮತ್ತೆ ಪ್ಯಾಚ್ ಹಾಕಬೇಕಲ್ಲ, ನೀನೇ ಬಾ. ಬೇರೆ ಯಾರಿಗೂ ಬರಲ್ಲ."

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ನಾಯಕನಹಟ್ಟಿ ಬಸ್ಸಿನಲ್ಲಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ಕೂತಳು. "ಧೂಳು ಬರ್ತೈತಲ್ಲಮ್ಮ, ಮುಚ್ಚು," ಎಂದರು ಪಕ್ಕದ ಹೆಂಗಸು.

"ಇನ್ನೊಂಚೂರು ಹೊತ್ತು ಇರ್ಲಿ ಅಕ್ಕಾ," ಎಂದಳು.