ಕರ್ನಲ್ ಕುಡಿದ ಕಾಫಿ

ದಕ್ಷಿಣ ಲೆಬನಾನಿನ ಈ ಬೆಟ್ಟಗಳಲ್ಲಿ ನನ್ನಂಥ ದುಭಾಷಿ ಇನ್ನೊಬ್ಬ ಹುಟ್ಟಿಲ್ಲ. ಹನ್ನೊಂದು ಭಾಷೆ ಬಲ್ಲೆ. ವಿಶ್ವಸಂಸ್ಥೆಯ ಶಾಂತಿಪಡೆಯವರು ಸುಳ್ಳು ಹೇಳುವ ಭಾಷೆಯನ್ನೂ ಸೇರಿಸಿದರೆ ಹನ್ನೆರಡು.

ಅವರ ಬಿಳಿ ಉಕ್ಕಿನ ಗಾಡಿ ಹೊಗೆಸೊಪ್ಪಿನ ಹೊಲದ ಅಂಚಿನಲ್ಲಿ ನಮ್ಮೂರ ರಾಶಿದನ ಕಾಲನ್ನು ಜಜ್ಜಿಹಾಕಿತು. ಚಾಲಕ ಎಷ್ಟು ಕುಡಿದಿದ್ದನೆಂದರೆ ಆ ವಾಸನೆಗೆ ಸಮುದ್ರದಾಚೆ ಸೈಪ್ರಸ್‌ನ ಕೋಳಿಗಳೂ ಸೀನಿದವು. ತನಿಖೆ ಮಾಡುತ್ತೇವೆ ಎಂದವರು ಮೂರೇ ದಿನದಲ್ಲಿ ಅವನನ್ನು ವಿಮಾನ ಹತ್ತಿಸಿದರು. ಇಲ್ಲಿನ ನ್ಯಾಯಾಲಯ ಅವನನ್ನು ಮುಟ್ಟುವಂತಿಲ್ಲ. ಅವನ ದೇಶದ್ದು ಮುಟ್ಟುವುದಿಲ್ಲ. ರಾಶಿದನ ತಾಯಿ ಉಮ್ಮ್ ರಾಶಿದ್ ಬೇಡಿದ್ದು ಇಷ್ಟೇ: ಆ ಚಾಲಕನ ಹೆಸರು, ಅವನ ವಿಚಾರಣೆ.

ಆಕೆಯನ್ನು ಶಿಬಿರಕ್ಕೆ ಕರೆದೊಯ್ದೆ. ಕರ್ನಲ್ ಕಾಫಿ ತರಿಸಿದ. ಆಕೆ ಬಟ್ಟಲನ್ನು ಎದುರಿಗಿಟ್ಟುಕೊಂಡು ಕೂತಳು. ನಮ್ಮಲ್ಲಿ ಬೇಡಿಕೆ ಹೊತ್ತು ಬಂದವರು, ಮನೆಯವರು ‘ಆಗಲಿ’ ಅನ್ನುವ ತನಕ ಕಾಫಿ ಮುಟ್ಟಬಾರದು. ಕುಡಿದರೆ ಕೇಳುವುದೇನೂ ಇಲ್ಲವೆಂದರ್ಥ.

“ಯಾಕಂತೆ, ಸಕ್ಕರೆ ಕಮ್ಮಿನಾ?” ಎಂದ ಕರ್ನಲ್.

“ಹೆಸರು ಕಮ್ಮಿ ಅಂತಾರೆ ಸಾರ್.”

‘ಸತ್ಕಾರ ನಿರಾಕರಿಸಿದ ಅಸಹಕಾರಿ ದೂರುದಾರೆ’ ಎಂದು ಬರೆದುಕೊಂಡ. ಕಾಫಿ ಆರಿತು. ನನ್ನ ಗಡ್ಡ ಎರಡಂಗುಲ ಬೆಳೆದ ಮೇಲೆ ಎದ್ದು ಬಂದೆವು.

ಆರು ತಿಂಗಳಿಗೊಮ್ಮೆ ಪಡೆ ಬದಲಾಗುತ್ತದೆ. ದೂರೊಂದು ಬಾಕಿ ಉಳಿದರೆ ಕರ್ನಲ್‌ನ ಎದೆಗೆ ಪದಕ ಏರುವುದಿಲ್ಲ. ಹೊರಡುವ ಮುನ್ನಾದಿನ ಕಾಗದ ಹಿಡಿದು ಆಕೆಯ ಮನೆಗೇ ಬಂದ. ಜೊತೆಗೆ ಉಡುಗೊರೆ: ಕಾಲು ಮುರಿದವನ ಮನೆಗೆ ಒಂದು ಗೋಣಿ ಫುಟ್‌ಬಾಲು.

ಆಕೆ ಕಾಫಿ ಕೊಟ್ಟಳು. ಕರ್ನಲ್ ಗಟಗಟ ಕುಡಿದು ಇನ್ನೊಂದು ಬಟ್ಟಲು ಕೇಳಿದ. ಬಾಗಿಲಲ್ಲಿ ನೆರೆದಿದ್ದ ಊರೆಲ್ಲ ಬಟ್ಟಲು ಎಣಿಸಿತು. ನಾನು ಎಚ್ಚರಿಸಬಹುದಿತ್ತು. ಆದರೆ ಹನ್ನೆರಡು ಭಾಷೆಗಳೂ ಒಟ್ಟಿಗೆ ಮರೆತುಹೋದವು.

“ದೂರು ಮುಗೀತು ಅಂತ ಇಲ್ಲೊಂದು ಸಹಿ ಹಾಕಿಸಯ್ಯಾ,” ಎಂದ.

“ಅಬು ಫಾಯೆಜ್, ಸಾಹೇಬ್ರಿಗೆ ಹೇಳಪ್ಪಾ,” ಎಂದಳು ಆಕೆ ನನ್ನತ್ತ ತಿರುಗಿ. “ಎರಡೆರಡು ಬಟ್ಟಲು ಕುಡಿದ್ರಲ್ಲ, ಅಂದ್ಮೇಲೆ ಏನೂ ಕೇಳೋಕೆ ಬಂದಿಲ್ಲ. ಸುಮ್ನೆ ಮಾತಾಡಿಸ್ಕೊಂಡು ಹೋಗೋಕೆ ಬಂದಿದ್ದಾರೆ. ಬಹಳ ಸಂತೋಷ.”

“ಇದ್ಯಾವ ಕಾನೂನು?”

“ಕುಡುಕನ್ನ ವಿಮಾನ ಹತ್ತಿಸಿದ ಕಾನೂನಿಗಿಂತ ಹಳೇದು ಅನ್ನಪ್ಪಾ. ಆ ಗೋಣಿನೂ ತಗೊಂಡು ಹೋಗ್ಲಿ.”

ಸಹಿ ಬೀಳಲಿಲ್ಲ. ಕರ್ನಲ್ ಬರಿಯ ಎದೆಯಲ್ಲಿ ವಿಮಾನ ಹತ್ತಿದ.

ವಾರದ ನಂತರ ಆಕೆಯೊಂದಿಗೆ ಮತ್ತೆ ಶಿಬಿರಕ್ಕೆ ಹೋದೆ. ಹೊಸ ಕರ್ನಲ್‌ನ ಮೇಜಿನ ಮೇಲೆ ಆಕೆಯದೇ ಕಡತವಿತ್ತು. ಆತ ಕಾಫಿ ತರಿಸಿದ. ಆಕೆ ಮುಟ್ಟಲಿಲ್ಲ.

“ಸಕ್ಕರೆ ಕಮ್ಮಿನಾ?” ಎಂದ.

ಉಮ್ಮ್ ರಾಶಿದ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.